ಬಾಗಿಲು ಮೇಷ್ಟ್ರು ಪರೀಕ್ಷೆಯಲ್ಲಿ ಫೇಲಾದದ್ದು

ಬಾಗಿಲು ಮೇಷ್ಟ್ರ ಅಂಗಡಿಗೆ ಬಾಗಿಲಿಲ್ಲ. ಇರುವುದು ಒಂದು ಶಟರ್. ಅದನ್ನು ಬೆಳಗ್ಗೆ ಎತ್ತುವುದೂ ಸಂಜೆ ಇಳಿಸುವುದೂ ಅವರ ಹೆಂಡತಿ. ಹಳಿಗೆ ಗ್ರೀಸ್ ಬಳಿದು, ಮಲಗಿದ ಮಗುವಿಗೆ ಹೊದಿಕೆ ಎಳೆದಷ್ಟು ಮೆತ್ತಗೆ ಎಳೆಯುತ್ತಾರೆ. ಧಡಾರನೆ ಬಿಟ್ಟರೆ ಮೇಷ್ಟ್ರನ್ನು ಕೌಂಟರಿನ ಕೆಳಗಿನಿಂದ ಎಬ್ಬಿಸಿ ತರಬೇಕಾಗುತ್ತದೆ. ಅದಕ್ಕೆ ಅವರ ಮೊಣಕಾಲು ಒಪ್ಪುವುದಿಲ್ಲ, ಸೊಂಟ ಮೊದಲೇ ಒಪ್ಪುವುದಿಲ್ಲ.

ಬೀಗ ರಿಪೇರಿಯ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆಗಳ ತುಂಬ ಹಲ್ಲು ಕೊರೆಯದ ಖಾಲಿ ಕೀಗಳು, ನಾಲ್ಕಾರು ಅರ, ಒಂದೆರಡು ಇಕ್ಕಳ, ಕೀ ಕೊರೆಯುವ ಒಂದು ಯಂತ್ರ. ಯಂತ್ರ ಕಿರುಚದಿರಲಿ ಎಂದು ಅದರ ಕಾಲಡಿ ಹಳೆ ಟೈರಿನ ತುಂಡುಗಳು. ಯಾವ ಬೀಗ ತಂದುಕೊಟ್ಟರೂ ಮೇಷ್ಟ್ರು ತೆಗೆಯುತ್ತಾರೆ. ಅದು ಯಾರ ಬೀಗ ಎಂದು ಕೇಳಿದರೆ ಮಾತ್ರ ಕಷ್ಟ. ತಲೆಗೆ ಚಿಕಿತ್ಸೆ ಆಗುವ ಮುಂಚೆ ಈ ಕಷ್ಟ ವಿಪರೀತಕ್ಕೆ ಹೋಗಿತ್ತು. ಒಮ್ಮೆ ಹಲ್ಲಿನ ಡಾಕ್ಟರ ಕೈಗೆ ಶಾಲೆಯ ಕೀ ಕೊಟ್ಟರು, ಶಾಲೆಯ ಜವಾನನ ಕೈಗೆ ಹಲ್ಲಿನ ಡಾಕ್ಟರ ಕೀ. ಇಬ್ಬರೂ ಅಂಗಡಿ ಮುಂದೆ ಬಂದು ಜಗಳಕ್ಕೆ ನಿಂತಾಗ ಮೇಷ್ಟ್ರು ಇಬ್ಬರನ್ನೂ ಕೂರಿಸಿ, ಟೀ ತರಿಸಿ, ಇಂಥ ಬೇಜವಾಬ್ದಾರಿ ಕೆಲಸ ಮಾಡಿದ ಬೀಗದವನು ಯಾವನೇ ಇರಲಿ ಅವನ ಕಿವಿ ಹಿಂಡಬೇಕು ಎಂದು ತೀರ್ಪು ಕೊಟ್ಟು ಕಳಿಸಿದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಸೈನ್ಯದಲ್ಲಿ ಬಾಗಿಲು ಹಾರಿಸುವುದನ್ನು ಕಲಿಸುತ್ತಿದ್ದವರು. ಒಳಗೆ ಶತ್ರು ಬಾಗಿಲು ಹಾಕಿಕೊಂಡು ಕೂತಿದ್ದರೆ ತಟ್ಟಿ ಕರೆಯುವುದಿಲ್ಲ; ಕದಕ್ಕೆ ಸಿಡಿಮದ್ದು ಅಂಟಿಸಿ, ಪಕ್ಕದ ಗೋಡೆಗೆ ಒತ್ತಿ ನಿಂತು, ಸಿಡಿದ ಕ್ಷಣ ನುಗ್ಗಬೇಕು. ಇದಕ್ಕೊಂದು ತರಬೇತಿ ಮೈದಾನ. ಅಲ್ಲಿ ಹಿಂದೆ ಮನೆಯಿಲ್ಲದ ಬಾಗಿಲುಗಳು ಸಾಲಾಗಿ ನಿಂತಿರುತ್ತಿದ್ದವು. ಶಿಷ್ಯರು ತಂಡ ತಂಡವಾಗಿ ಬಂದು, ತಲಾ ಒಂದಷ್ಟು ಬಾಗಿಲು ಹಾರಿಸಿ, ಚಪ್ಪಾಳೆ ತಟ್ಟಿಸಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಎಲ್ಲಿಗೂ ಹೋಗುತ್ತಿರಲಿಲ್ಲ. ಪ್ರತಿ ತಂಡದ ಪ್ರತಿ ಬಾಗಿಲಿನ ಪಕ್ಕದಲ್ಲೂ ಅವರೇ.

ಸ್ಫೋಟದ ಒತ್ತಡ ಗೋಡೆಯನ್ನು ಸುತ್ತಿಕೊಂಡು ಬರುತ್ತದೆ. ಚರ್ಮ ಹರಿಯುವುದಿಲ್ಲ, ರಕ್ತ ಬರುವುದಿಲ್ಲ. ಬುರುಡೆಯೊಳಗೆ ಮಿದುಳು ಒಮ್ಮೆ ಅದುರಿ ಸುಮ್ಮನಾಗುತ್ತದೆ. ಒಂದು ಸಲಕ್ಕೆ ಏನೂ ಆಗದಿರಬಹುದು. ವರ್ಷಗಟ್ಟಲೆ ಅದುರಿದರೆ ಏನಾಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. ಮೇಷ್ಟ್ರಿಗೆ ಯುದ್ಧದಲ್ಲಿ ಒಂದು ಗೀರೂ ಬಿದ್ದಿಲ್ಲ, ಏಕೆಂದರೆ ಅವರನ್ನು ಯುದ್ಧಕ್ಕೆ ಕಳಿಸಲೇ ಇಲ್ಲ. ಇಷ್ಟು ಒಳ್ಳೆಯ ಮೇಷ್ಟ್ರನ್ನು ಯುದ್ಧದಲ್ಲಿ ಕಳೆದುಕೊಳ್ಳುವುದು ಬೇಡವೆಂದು ಮೇಲಿನವರು ತೀರ್ಮಾನಿಸಿದ್ದರು. ಹಾಗಾಗಿ ಮೈದಾನದಲ್ಲೇ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡರು.

ಮದ್ದು ತುಸು ಹೆಚ್ಚಾಗಿ ಸಿಡಿದ ದಿನ ಪ್ರಥಮ ಚಿಕಿತ್ಸೆಯವನು ಒಂದು ಹಾಳೆ ಹಿಡಿದು ಬರುತ್ತಿದ್ದ. ಐದು ಪದ ಓದುವುದು, ಬೇರೆ ಏನೋ ಮಾತಾಡಿಸುವುದು, ಆಮೇಲೆ ಆ ಐದು ಪದ ಹೇಳು ಎನ್ನುವುದು. ಹೇಳಿದರೆ ತಲೆ ನೆಟ್ಟಗಿದೆ. ತಪ್ಪಿದರೆ ವಿಶ್ರಾಂತಿ. ವಿಶ್ರಾಂತಿ ಎಂದರೆ ಸೈನಿಕನಿಗೆ ಶಿಕ್ಷೆಯೇ: ತರಬೇತಿ ಅರ್ಧಕ್ಕೆ ನಿಲ್ಲುತ್ತದೆ, ತಂಡ ಬಿಟ್ಟು ಮುಂದೆ ಹೋಗುತ್ತದೆ, ಬ್ಯಾರಕ್ಕಿನಲ್ಲಿ ‘ಸ್ಕ್ರೂ ಸಡಿಲ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಒಂದು ವರ್ಷ ಮೇಷ್ಟ್ರ ಒಳ್ಳೊಳ್ಳೆ ಹುಡುಗರು ಹೀಗೇ ಅರ್ಧಕ್ಕೆ ಮನೆಗೆ ಹೋದರು. ಮೇಷ್ಟ್ರಿಗೆ ಸಂಕಟವಾಯಿತು. ಅಷ್ಟರಲ್ಲಿ ಅವರು ಒಂದು ವಿಷಯ ಗಮನಿಸಿದರು. ಪ್ರಥಮ ಚಿಕಿತ್ಸೆಯವನ ಹತ್ತಿರ ಇದ್ದದ್ದು ಒಂದೇ ಹಾಳೆ. ಪದಗಳೂ ಅವೇ: ಏಣಿ, ನಿಂಬೆ, ಬೀಗ, ಕುದುರೆ, ಕಂಬಳಿ.

ಮಾರನೆಯ ಬೆಳಗಿನ ಓಟಕ್ಕೆ ಹೊಸ ಘೋಷಣೆ ಬಂತು. ಮೇಷ್ಟ್ರು “ಏಣಿ!” ಎಂದು ಕೂಗಬೇಕು, ಇಡೀ ತಂಡ, ಬೂಟು ನೆಲಕ್ಕೆ ಬಡಿಯುವ ಲೆಕ್ಕಕ್ಕೆ ಸರಿಯಾಗಿ, “ನಿಂಬೆ! ಬೀಗ! ಕುದುರೆ! ಕಂಬಳಿ!” ಎನ್ನಬೇಕು. ಊಟದ ಸಾಲಿನಲ್ಲಿ ಏಣಿ, ಸ್ನಾನದ ಮನೆಯಲ್ಲಿ ಏಣಿ. ನಿದ್ದೆಯಿಂದ ಎಬ್ಬಿಸಿ ಏಣಿ ಎಂದರೂ ಕಂಬಳಿಯವರೆಗೆ ಹೋಗಿಯೇ ಕಣ್ಣು ಬಿಡುತ್ತಿದ್ದರು. ಆಮೇಲೆ ಆ ಮೈದಾನದಲ್ಲಿ ಒಬ್ಬನೂ ಫೇಲಾಗಲಿಲ್ಲ. ಅತ್ಯಂತ ಗಟ್ಟಿ ತಲೆಗಳ ಘಟಕವೆಂದು ಮೇಲಿನವರು ಪ್ರಶಂಸಾಪತ್ರ ಕೊಟ್ಟರು. ಆ ಸಮಾರಂಭದ ಫೋಟೋದಲ್ಲಿ ಮೇಷ್ಟ್ರು ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಬಿಸಿಲು ಆಗಲೇ ಅವರ ಕಣ್ಣಿಗೆ ಚುಚ್ಚುತ್ತಿತ್ತು.

ಸೇವೆ ಮುಗಿಸಿ ಬಂದು ಅಂಗಡಿ ಇಟ್ಟ ಮೇಲೆ ತಲೆನೋವು ಮನೆಯವರಲ್ಲೊಬ್ಬರಂತೆ ಕಾಯಂ ಆಯಿತು. ನಿದ್ದೆ ಬರುತ್ತಿರಲಿಲ್ಲ. ಸಿಟ್ಟು ಎಲ್ಲಿಂದ ಬರುತ್ತಿತ್ತೋ, ಬಂದದ್ದು ಹೋಗುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ಅಳು. ಒಂದು ಮಧ್ಯಾಹ್ನ ಮನೆಗೆ ಬಂದು ಬೀಗಕ್ಕೆ ಕೀ ಹಾಕಿದರು, ತಿರುಗಲಿಲ್ಲ. ತಂತಿಯೊಂದನ್ನು ಬಗ್ಗಿಸಿ ಬೀಗ ತೆಗೆದು, ಒಳಗೆ ಹೋಗಿ ಸೋಫಾದ ಮೇಲೆ ಮಲಗಿದರು. ಅದು ಪಕ್ಕದ ಮನೆ. ಪಕ್ಕದ ಮನೆಯಾತ ಬ್ಯಾಂಕಿನ ಗುಮಾಸ್ತ. ಅವನು ಕೆಲಸದಿಂದ ಬಂದು ಕೆಮ್ಮಿದಾಗ ಮೇಷ್ಟ್ರು ಅರೆಗಣ್ಣು ತೆರೆದು, “ಬನ್ನಿ ಬನ್ನಿ, ಕೂತ್ಕೊಳ್ಳಿ. ನಮ್ಮನೆಯವಳು ಇನ್ನೂ ಬಂದಿಲ್ಲ” ಎಂದು ಉಪಚಾರ ಮಾಡಿದರು.

ಅವರ ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವವರು. ನಿಲ್ದಾಣದಲ್ಲಿ ಎಲ್ಲರಿಗೂ ಆಕೆ ಮೈಕಮ್ಮ. ಮನೆಯಲ್ಲೂ ಆ ಧಾಟಿ ಬಿಡುವುದಿಲ್ಲ. “ದಯವಿಟ್ಟು ಗಮನಿಸಿ, ಅಡುಗೆಮನೆಯಲ್ಲಿ ಗ್ಯಾಸ್ ಉರೀತಾ ಇದೆ, ಹಚ್ಚಿದವರು ಕೂಡಲೇ ಬಂದು ಆರಿಸತಕ್ಕದ್ದು,” ಎಂದು ನಡುಮನೆಯಿಂದ ಹೇಳುತ್ತಾರೆ. ಗಂಡನನ್ನು ತಮಾಷೆಯಲ್ಲೇ ಸಂಭಾಳಿಸಬಹುದು ಎಂದುಕೊಂಡಿದ್ದರು. ಒಂದು ಸಂಜೆ ಆ ಲೆಕ್ಕ ತಪ್ಪಿತು.

ಗಾಳಿಗೆ ಹಿತ್ತಿಲ ಬಾಗಿಲು ಬಡಿದುಕೊಂಡಿತು. ಅಷ್ಟೇ ಆದದ್ದು. ಮೇಷ್ಟ್ರು ಕೂತಲ್ಲಿಂದ ಹಾರಿ, ಹೆಂಡತಿಯನ್ನು ನೆಲಕ್ಕೆ ಕೆಡವಿ, ಆಕೆಯ ಮೇಲೆ ಕವುಚಿ ಬಿದ್ದರು. ರಕ್ಷಣೆಗೆಂದೇ ಬಿದ್ದದ್ದು. ಆಕೆಯ ಮಣಿಕಟ್ಟು ಮುರಿಯಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎದ್ದು, ಬಟ್ಟೆ ಕೊಡವಿಕೊಂಡು, “ನೆಲದ ಮೇಲೆ ಯಾಕೆ ಮಲಗಿದ್ದೀಯ?” ಎಂದು ಕೇಳಿದರು. ಅವರಿಗೆ ಏನೂ ನೆನಪಿರಲಿಲ್ಲ. ಮೈಕಮ್ಮ ಗಂಡನ ಮುಖ ನೋಡಿ, “ಜಾರಿಬಿದ್ದೆ” ಎಂದರು. ಮೂಳೆ ಕೂರಿಸಿದ ಡಾಕ್ಟರಿಗೂ ಅದನ್ನೇ ಹೇಳಿದರು, ನಿಲ್ದಾಣದಲ್ಲೂ ಅದನ್ನೇ. ಮೇಷ್ಟ್ರಂತೂ ಸಿಕ್ಕಸಿಕ್ಕವರಿಗೆ, “ಇವಳು ಕಾಲ ಕೆಳಗೆ ನೋಡಿ ನಡೆಯೋದೇ ಇಲ್ಲ” ಎಂದು ಹೇಳಿಕೊಂಡು ತಿರುಗಿದರು. ತಾವೇ ಹೋಗಿ ರಬ್ಬರ್ ತಳದ, ಜಾರದ ಚಪ್ಪಲಿ ತಂದುಕೊಟ್ಟರು. ಮೈಕಮ್ಮ ಅದನ್ನು ಹಾಕಿಕೊಂಡು ಓಡಾಡಿದರು.

ಸೈನಿಕರ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರಿಗೆಂದೇ ಒಂದು ವಾರ್ಡು ಇದೆ. ಅಲ್ಲಿ ಹಾಸಿಗೆ ಕೆಲವೇ. ಮೊದಲು ಒಂದು ಪರೀಕ್ಷೆ. ನೆನಪು ಕೆಟ್ಟಿದೆ ಎಂದು ಗೊತ್ತಾದರೆ ಮಾತ್ರ ಒಳಗೆ. ಮೈಕಮ್ಮ ಗಂಡನನ್ನು ಎಳೆದುಕೊಂಡು ಹೋದರು. ಒಳಗಿದ್ದ ಡಾಕ್ಟರು ಐದು ಪದ ಓದಿದರು. ಮೈದಾನದ ಹಾಳೆ ಹುಟ್ಟಿದ್ದೇ ಈ ಆಸ್ಪತ್ರೆಯಲ್ಲಿ. ಏಣಿ ಎಂಬುದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಎದೆ ಮುಂದಕ್ಕೆ ಬಂತು, ಕಾಲು ಜೋಡಿಯಾದವು, ಉಳಿದ ನಾಲ್ಕೂ ಗುಂಡಿನಂತೆ ಹೊರಬಿದ್ದವು. ಡಾಕ್ಟರು ಬೆನ್ನು ತಟ್ಟಿ, ಇಷ್ಟು ಚುರುಕು ನೆನಪು ನನಗೂ ಇಲ್ಲ ಎಂದು ಹೇಳಿ, ಸಂಜೆ ಹೊತ್ತು ವಾಕಿಂಗ್ ಮಾಡಲು ತಿಳಿಸಿ ಕಳಿಸಿದರು.

“ಮೂರು ಹೇಳಿ ಸುಮ್ಮನಾಗೋಕ್ಕೆ ಏನಾಗಿತ್ತು ನಿಮಗೆ?” ಎಂದು ಮೈಕಮ್ಮ ದಾರಿಯುದ್ದಕ್ಕೂ ಬಾಯಿ ಬಡಿದುಕೊಂಡರು. ಎರಡನೆಯ ಸಲ ಮೇಷ್ಟ್ರು ಬೇಕೆಂದೇ ಫೇಲಾಗಲು ನಿರ್ಧರಿಸಿ ಹೋದರು. ಕುದುರೆಯವರೆಗೆ ಬಂದು ತುಟಿ ಬಿಗಿಹಿಡಿದರು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಕೊನೆಗೆ ಸೀನು ತಡೆದವರಂತೆ “ಕಂಬಳಿ!” ಎಂದುಬಿಟ್ಟರು. ಮತ್ತೆ ವಾಕಿಂಗ್.

“ಫೇಲಾಗೋದು ನನ್ನಿಂದ ಆಗಲ್ಲ ಕಣೇ,” ಎಂದರು ಮನೆಗೆ ಬಂದು. “ಅದು ಬಾಯಲ್ಲಿಲ್ಲ, ಕಾಲಲ್ಲಿದೆ.”

“ಹಂಗಾದ್ರೆ ಪದ ಬಾಯಿಪಾಠ ಮಾಡ್ಸಿದ್ದು ನಾನೇ ಅಂತ ಹೇಳಿಬಿಡಿ ಡಾಕ್ಟರಿಗೆ.”

“ಹುಡುಗರು ಇನ್ನೂ ಸೇವೇಲಿದ್ದಾರೆ. ಎಲ್ಲರನ್ನೂ ಹಿಡಿದು ಹೊರಗೆ ಹಾಕ್ತಾರೆ. ಬಾಯಿ ಬಿಡಲ್ಲ ನಾನು.”

ಮೈಕಮ್ಮ ಮೈಕಿನ ಧಾಟಿ ಬಿಟ್ಟು, ಸಾಮಾನ್ಯ ದನಿಯಲ್ಲಿ ಹೇಳಿದರು: “ಇನ್ನೊಂದು ಸಲ ಕರ್ಕೊಂಡು ಹೋಗ್ತೀನಿ. ಈ ಸಲಾನೂ ಪಾಸಾದ್ರೆ ನೀವು ಮನೆಗೆ ಬನ್ನಿ, ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ.”

ಮೂರನೆಯ ಸಲ ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಆಗಲೇ ಮೂವರು ಕೂತಿದ್ದರು. ಒಬ್ಬನಿಗೆ ಕಪ್ಪು ಕನ್ನಡಕ, ಒಬ್ಬನ ಕಿವಿಯಲ್ಲಿ ಹತ್ತಿ, ನಡುವಿನವನು ಕೂತರೂ ನಿಂತವರಷ್ಟು ಎತ್ತರ. ಮೂವರೂ ಮೇಷ್ಟ್ರ ಶಿಷ್ಯರೇ. ಎತ್ತರದವನನ್ನು ತಂಡದಲ್ಲಿ ಜಿರಾಫೆ ಎನ್ನುತ್ತಿದ್ದರು. ಬಾಗಿಲು ಹಾರಿಸಿದ ಮೇಲೂ ಉಳಿದ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುತ್ತಿದ್ದ ಏಕೈಕ ಸೈನಿಕ.

“ಏನ್ ಮೇಷ್ಟ್ರೇ, ನೀವೂನಾ?”

“ನಾನು ಬೀಗ ನೋಡೋಕ್ಕೆ ಬಂದೆ,” ಎಂದರು ಮೇಷ್ಟ್ರು. ಸುಳ್ಳಿಗೆ ಆಧಾರವಿರಲಿ ಎಂದು ಕೋಣೆಯ ಬಾಗಿಲಿಗೆ ಬಗ್ಗಿ ನೋಡಿದರು. “ನೋಡು, ಚಿಲಕದ ನಾಲಿಗೆ ಹಿಡೀತಾನೇ ಇಲ್ಲ.”

“ನಿಂಗೇನಪ್ಪಾ ತೊಂದರೆ?” ಎಂದು ಮೈಕಮ್ಮ ಜಿರಾಫೆಯನ್ನು ಕೇಳಿದರು.

“ನಂಗೇನಿಲ್ಲ ಅಕ್ಕಾ. ನನ್ನ ಹೆಂಡ್ತಿಗೆ ನನ್ನಿಂದ ತೊಂದರೆ. ಅವಳೇ ಕಳಿಸಿದ್ಲು. ಹೋದ ಸಲಾನೂ ಬಂದಿದ್ದೆ, ಫುಲ್ ಮಾರ್ಕ್ಸ್!” ಅವನು ಮೇಷ್ಟ್ರ ಕಡೆ ತಿರುಗಿ ಕಣ್ಣು ಹೊಡೆದ. “ಎಲ್ಲಾ ನಿಮ್ಮ ಪಾಠ.”

ಮೇಷ್ಟ್ರು ಆ ಹೊಗಳಿಕೆಗೆ ನಗಲಿಲ್ಲ. ಜಿರಾಫೆಯ ಕೈ ನಡುಗುತ್ತಿತ್ತು. ಅದನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ.

ಒಳಗೆ ಈ ಸಲ ಬೇರೆ ಡಾಕ್ಟರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಆ ವಾರ್ಡಿಗೆ ಹೊಸಬರು. ಬಾಗಿಲು ಹಾಕಿ ಬಂದು ಕೂತು, ಹಾಳೆ ಎತ್ತಿಕೊಂಡರು. “ನಾನು ಐದು ಪದ ಹೇಳ್ತೀನಿ. ನಿಧಾನವಾಗಿ ಕೇಳಿಸ್ಕೊಂಡು...”

“ಏಣಿ, ನಿಂಬೆ, ಬೀಗ, ಕುದುರೆ, ಕಂಬಳಿ!”

ಡಾಕ್ಟರಮ್ಮ ಹಾಳೆಯನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದರು. “ನಾನಿನ್ನೂ ಓದಿಲ್ಲ.”

“ಹೌದಾ?”

“ಹೊಸ ಥರದ ನೆನಪಿನ ಶಕ್ತಿ ನಿಮ್ಮದು. ಕೇಳೋಕ್ಕೆ ಮುಂಚೇನೇ ನೆನಪಾಗುತ್ತೆ. ಎಲ್ಲಿ ಕಲಿತ್ರಿ ಇದನ್ನ?”

ಮೇಷ್ಟ್ರು ಸೀಲಿಂಗ್ ಫ್ಯಾನ್ ನೋಡಿದರು. “ನಿಂಬೆ, ಬೀಗ ಎಲ್ಲಾ ಕಡೆ ಸಿಗುತ್ತಲ್ಲ ಮೇಡಂ.”

“ಹೇಳ್ರೀ,” ಎಂದರು ಮೈಕಮ್ಮ.

“ಹುಡುಗರು ಹೊರಗೇ ಕೂತಿದ್ದಾರೆ ಕಣೇ,” ಎಂದು ಮೇಷ್ಟ್ರು ಪಿಸುಗುಟ್ಟಿದರು. ಮೈಕಮ್ಮ ಗಂಡನ ಕಡೆ ನೋಡುವುದನ್ನು ಬಿಟ್ಟು, ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಅಕ್ಕನ ಮನೆಗೆ ಹೋಗಲು ಬೇಕಾದ ಬಟ್ಟೆ ಅದರಲ್ಲೇ ಇತ್ತು.

ಕ್ರಮದ ಪ್ರಕಾರ ಓದಲೇಬೇಕು ಎಂದರು ಡಾಕ್ಟರಮ್ಮ. ಸಿಡಿಮದ್ದಿನವರಿಗೆ ಕಿವಿ ಮಂದ ಎಂದು ಅವರಿಗೆ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಕೂಗಿದರು: “ಏಣಿ!”

ನಾಲಿಗೆ ಹಿಡಿಯದ ಆ ಚಿಲಕದ ಬಾಗಿಲು ಅಷ್ಟರಲ್ಲಿ ತಾನಾಗಿ ಗೇಣಗಲ ತೆರೆದುಕೊಂಡಿತ್ತು. ಹೊರಗೆ ಕಾರಿಡಾರಿನಲ್ಲಿ ಮೂರು ಜೊತೆ ಕಾಲು ಒಟ್ಟಿಗೇ ನೆಲಕ್ಕೆ ಬಡಿದವು.

“ನಿಂಬೆ! ಬೀಗ! ಕುದುರೆ! ಕಂಬಳಿ!”

ಬೆನ್ನಿಗೇ ‘ಠಣ್’ ಎಂದು ಇನ್ನೊಂದು ಸದ್ದು, ಒಂದು “ಅಯ್ಯಪ್ಪಾ.” ಸೆಟೆದು ನಿಂತ ಜಿರಾಫೆಯ ತಲೆ, ಮೇಲೆ ತೂಗುಬಿಟ್ಟಿದ್ದ ‘ನಿಶ್ಶಬ್ದ’ ಎಂಬ ತಗಡಿನ ಬೋರ್ಡಿಗೆ ಬಡಿದಿತ್ತು.

ಮೈಕಮ್ಮ ನಕ್ಕರು. ನಗು ನಿಲ್ಲಲಿಲ್ಲ. ನಿಲ್ದಾಣದ ಮೈಕಿನ ಮುಂದೆ ವರ್ಷಾನುಗಟ್ಟಲೆ ತಡೆದಿಟ್ಟ ನಗುವೆಲ್ಲ ಬಂದಂತೆ ಬಂತು, ಆಮೇಲೆ ಅದೇ ಅಳುವಾಯಿತು. ಡಾಕ್ಟರಮ್ಮ ನಗಲಿಲ್ಲ. ಎದ್ದು ಹೋಗಿ ಮೂವರ ಮುಖ ನೋಡಿ ಬಂದು, ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಆ ಹಾಳೆಯನ್ನು ಮಗುಚಿಟ್ಟರು. “ಯಾರನ್ನೂ ಹೊರಗೆ ಹಾಕೋಕ್ಕೆ ಅಲ್ಲ ನಾನಿಲ್ಲಿರೋದು, ಒಳಗೆ ಸೇರಿಸ್ಕೊಳ್ಳೋಕ್ಕೆ,” ಎಂದರು. “ಈಗ ಬೇರೆ ಐದು. ಚಮಚ, ನದಿ, ಗಡಿಯಾರ, ಮೇಕೆ, ದಾರ.”

ಪದ ಹೇಳಿದ ಮೇಲೆ ನಡುವೆ ಬೇರೇನಾದರೂ ಮಾತಾಡಬೇಕೆಂಬುದು ನಿಯಮ. ಡಾಕ್ಟರಮ್ಮನ ಕಣ್ಣು ಮೈಕಮ್ಮನ ಸೊಟ್ಟಗೆ ಕೂಡಿಕೊಂಡಿದ್ದ ಮಣಿಕಟ್ಟಿನ ಮೇಲೆ ಬಿತ್ತು. “ಕೈಗೇನಾಯ್ತು?”

“ಜಾರಿ...” ಎಂದು ಶುರುಮಾಡಿದ ಮೈಕಮ್ಮ ನಿಲ್ಲಿಸಿದರು. ಆ ಉತ್ತರವೂ ಅವರಿಗೆ ಬಾಯಿಪಾಠವಾಗಿತ್ತು. ಆಮೇಲೆ ಹೇಳಿದರು. ಗಾಳಿ, ಹಿತ್ತಿಲ ಬಾಗಿಲು, ನೆಲ, ಮೂಳೆ ಮುರಿದ ಸದ್ದು. ಗಂಡನ ಕಡೆ ನೋಡದೆ, ತಡವಾದ ಬಸ್ಸಿನ ವಿವರ ಓದಿದಂತೆ ಸಮವಾದ ದನಿಯಲ್ಲಿ ಹೇಳಿದರು.

“ನೀನು ಜಾರಿಬಿದ್ದದ್ದು ಅಲ್ವಾ?” ಎಂದರು ಮೇಷ್ಟ್ರು. “ಎಲ್ಲರಿಗೂ ನಾನೇ ಹೇಳಿದ್ದೀನಲ್ಲೇ. ಚಪ್ಪಲೀನೂ ತಂದುಕೊಟ್ಟೆ.”

“ತಂದುಕೊಟ್ರಿ. ಚೆನ್ನಾಗಿದೆ. ಜಾರಲ್ಲ,” ಎಂದರು ಮೈಕಮ್ಮ.

ಡಾಕ್ಟರಮ್ಮ ಮೆಲ್ಲಗೆ, ಆ ಐದು ಪದ ಹೇಳುತ್ತೀರಾ ಎಂದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು.

“ಮೇಕೆ,” ಎಂದರು. ಆಮೇಲೆ, “ಬಾಗಿಲು.”

“ಬಾಗಿಲು ಇರಲಿಲ್ಲ.”

“ಇರಲಿಲ್ವಾ?”

ಅಂಥ ಸುದ್ದಿ ಕೇಳಿದವರು ಯಾರೇ ಆದರೂ ಮೇಕೆಯನ್ನೂ ಮರೆಯುತ್ತಾರೆ ಎಂದು ಡಾಕ್ಟರಮ್ಮ ಆ ದಿನದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾರನೆಯ ದಿನ ಬೇರೆ ಪದ, ಚಿತ್ರ, ಲೆಕ್ಕ, ಕಣ್ಣಿನ ಚಲನೆ ಎಲ್ಲವನ್ನೂ ನೋಡಿದರು. ಫಲಿತಾಂಶ ಅದೇ.

“ಫೇಲಾ?” ಎಂದು ಕೇಳಿದರು ಮೈಕಮ್ಮ.

“ಫೇಲ್,” ಎಂದರು ಡಾಕ್ಟರಮ್ಮ.

ಮೈಕಮ್ಮ ಕಾರಿಡಾರಿಗೆ ಬಂದು ಅಕ್ಕನಿಗೆ ಫೋನ್ ಮಾಡಿ, ಅವರು ಫೇಲಾದರು, ನಾನು ಬರುತ್ತಿಲ್ಲ ಎಂದು ಹೇಳಿದರು. ಆ ಕಡೆಯಿಂದ ಅಕ್ಕ ಏನು ಅರ್ಥಮಾಡಿಕೊಂಡರೋ ಗೊತ್ತಿಲ್ಲ.

ವಾರ್ಡಿನಲ್ಲಿ ಮೇಷ್ಟ್ರದು ಕಿಟಕಿ ಪಕ್ಕದ ಹಾಸಿಗೆ. ಬೆಳಕು ಚುಚ್ಚದಂತೆ ಪರದೆ. ಎದುರು ಹಾಸಿಗೆ ಜಿರಾಫೆಯದು. ಅವನ ಕಾಲಿಗೆ ಒಂದು ಸ್ಟೂಲು ಜೋಡಿಸಿದ್ದರು. ಕಣ್ಣಿಗೆ ವ್ಯಾಯಾಮ, ಕತ್ತಿಗೆ ವ್ಯಾಯಾಮ, ನಿದ್ದೆಗೆ ಕಟ್ಟುನಿಟ್ಟು. ಇದೆಲ್ಲದರ ಜೊತೆಗೆ ಮಾತು. ಮಾತಾಡಿಸುವವರನ್ನು ಮೇಷ್ಟ್ರು ‘ಮಾತಿನ ಡಾಕ್ಟರು’ ಎಂದು ಕರೆದರು. ಅವರು ಕುರ್ಚಿಗಳನ್ನು ವೃತ್ತಾಕಾರದಲ್ಲಿ ಇಡಿಸುತ್ತಿದ್ದರು. ಬಾಗಿಲಿಗೆ ಬೆನ್ನು ಮಾಡಿ ಕೂರಲು ಒಬ್ಬನೂ ತಯಾರಿರಲಿಲ್ಲ. ಎಲ್ಲರೂ ಕುರ್ಚಿ ಸರಿಸಿ ಸರಿಸಿ, ಕೊನೆಗೆ ಗೋಡೆಗೊತ್ತಿ ಒಂದೇ ಸಾಲಾದರು. ಮಾತಿನ ಡಾಕ್ಟರು ತಮ್ಮ ಕುರ್ಚಿಯನ್ನೂ ಎತ್ತಿಕೊಂಡು ಬಂದು ಆ ಸಾಲಿನ ತುದಿಗೆ ಹಾಕಿಕೊಂಡರು. ಬಸ್ಸಿಗೆ ಕಾಯುವವರಂತೆ ಕೂತು ಎಲ್ಲರೂ ಬಾಗಿಲಿನೊಂದಿಗೆ ಮಾತಾಡಿದರು.

ಮೇಷ್ಟ್ರು ಮೊದಮೊದಲು ಏನು ಕೇಳಿದರೂ “ಸರಿ ಇದೆ” ಎನ್ನುತ್ತಿದ್ದರು. ಒಂದು ದಿನ ಚಪ್ಪಲಿಯ ವಿಷಯ ಎತ್ತಿದರು. ಅಂಗಡಿಯಲ್ಲಿ ತಳವನ್ನು ನೆಲಕ್ಕೆ ಉಜ್ಜಿ ಉಜ್ಜಿ ನೋಡಿ ಆರಿಸಿದ್ದೆ ಎಂದರು. ಮುಂದಕ್ಕೆ ಹೋಗಲಾಗಲಿಲ್ಲ. ಜಿರಾಫೆ ಎದ್ದು ನೀರು ತಂದುಕೊಟ್ಟ. ದಾರಿಯಲ್ಲಿ ಅರ್ಧ ಲೋಟ ಚೆಲ್ಲಿತ್ತು.

ಆ ಹಾಳೆಯನ್ನು ಆಸ್ಪತ್ರೆ ಕೈಬಿಟ್ಟಿತು. ಹಿಂದೆ ಪಾಸಾದವರನ್ನೆಲ್ಲ ಮತ್ತೆ ಕರೆಸಿದರು. ಕೆಲವರು ಮೇಷ್ಟ್ರಿಗೆ ಫೋನ್ ಮಾಡಿ ಬೈದರು, ಕೆಲವರು ಮಾತಾಡದೆ ಇಟ್ಟರು, ಒಬ್ಬ ತನ್ನ ಹೆಂಡತಿಯಿಂದ ಥ್ಯಾಂಕ್ಸ್ ಹೇಳಿಸಿದ. ಯಾವುದು ಯಾರದೆಂದು ಮೇಷ್ಟ್ರಿಗೆ ನೆನಪುಳಿಯಲಿಲ್ಲ. ಹಾಗಾಗಿ ಯಾರ ಮೇಲೂ ಮುನಿಸಿಲ್ಲ.

ಬಿಡುಗಡೆಯ ದಿನ ಮತ್ತೆ ಪರೀಕ್ಷೆಯಾಯಿತು. ಹೊರಗೆ ಕಾಯುತ್ತಿದ್ದ ಮೈಕಮ್ಮ, “ಎಷ್ಟು?” ಎಂದರು.

“ಮೂರು ಹೇಳಿದೆ.”

“ಯಾವ್ಯಾವು?”

ಮೇಷ್ಟ್ರು ಯೋಚಿಸಿ, “ಅದನ್ನ ನಾಳೆ ಕೇಳು,” ಎಂದರು. ಹೊರಡುವ ಮುಂಚೆ ಪರೀಕ್ಷೆಯ ಕೋಣೆಯ ಚಿಲಕವನ್ನು ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತೇನೆಂದು ಡಾಕ್ಟರಮ್ಮನಿಗೆ ಹೇಳಿದರು. ಏಣಿ ಕಲಿತವರು ಇನ್ನೂ ಬಹಳ ಜನ ಬರಬೇಕಾಗಿದೆ, ಸದ್ಯಕ್ಕೆ ಹಾಗೇ ಇರಲಿ ಎಂದು ಡಾಕ್ಟರಮ್ಮ ಒಪ್ಪಲಿಲ್ಲ.

ಈಗ ಅಂಗಡಿಗೆ ಬಂದ ಪ್ರತಿ ಬೀಗಕ್ಕೂ ಗಿರಾಕಿಯ ಎದುರೇ ಚೀಟಿ ಕಟ್ಟುತ್ತಾರೆ. ತಲೆನೋವು ಹೋಗಿಲ್ಲ, ಬಂದು ಹೋಗುವ ನೆಂಟನಾಗಿದೆ. ಮಾತಿನ ಡಾಕ್ಟರನ್ನು ನೋಡಲು ಈಗಲೂ ಹೋಗುತ್ತಾರೆ. ಪಕ್ಕದ ಮನೆಯ ಗುಮಾಸ್ತ ಕೇಳಿದರೆ ಎಲ್ಲಿಗೆಂದು ಸರಿಯಾಗಿಯೇ ಹೇಳುತ್ತಾರೆ.

ಮೊನ್ನೆ ಸಂಜೆ ಮೇಷ್ಟ್ರು ಒಳಗೆ ಸಾಮಾನು ಎತ್ತಿಡುತ್ತಿರುವಾಗ ಶಟರನ್ನು ಅರ್ಧಕ್ಕೆ ಇಳಿಸಲು ಹೋಗಿ ಮೈಕಮ್ಮನ ಕೈ ಸೋತಿತು. ಮುರಿದು ಕೂಡಿದ ಕೈ, ಇನ್ನೂ ಪೂರ್ತಿ ಬಲ ಬಂದಿಲ್ಲ. ಶಟರ್ ಧಡಾರನೆ ನೆಲಕ್ಕೆ ಬಡಿಯಿತು. ಬೀದಿ ನಾಯಿಗಳು ಬೊಗಳಿದವು. ಮೈಕಮ್ಮ ಕಣ್ಣು ಮುಚ್ಚಿ, ಗೋಡೆಗೆ ಒರಗಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟರೆ ತಾವು ನಿಂತೇ ಇದ್ದರು. ಶಟರನ್ನು ಮೊಣಕಾಲೆತ್ತರ ಎತ್ತಿ ಬಗ್ಗಿ ನೋಡಿದರು. ಒಳಗೆ ಕೌಂಟರಿನ ಕೆಳಗೆ ಮೇಷ್ಟ್ರು ಒಬ್ಬರೇ, ತಮ್ಮ ತಲೆಯನ್ನು ತಾವೇ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದರು.

“ದಯವಿಟ್ಟು ಗಮನಿಸಿ,” ಎಂದರು ಮೈಕಮ್ಮ. “ಈಗ ಬಿದ್ದದ್ದು ಶಟರ್.”

ಮೇಷ್ಟ್ರು ಉಸಿರು ಎಣಿಸಿಕೊಂಡು, ತಲೆಯಿಂದ ಕೈ ತೆಗೆದರು. “ನಾನು ನಿನ್ನ ಮೇಲೆ ಬಿದ್ನಾ?”

“ಇಲ್ಲ.”

“ನಿಜವಾಗ್ಲೂ? ಜಾರಿಬಿದ್ದೆ ಅಂತ ಹೇಳ್ಬೇಡ.”

“ಇಲ್ಲ ಅಂದ್ನಲ್ಲ. ನಿಂತ್ಕೊಂಡೇ ಇದ್ದೀನಿ, ನೋಡ್ಕೊಳ್ಳಿ.”

ಮೇಷ್ಟ್ರು ಕೌಂಟರಿನ ಕೆಳಗಿನಿಂದಲೇ ಆಕೆಯ ರಬ್ಬರ್ ಚಪ್ಪಲಿಗಳನ್ನು ನೋಡಿದರು. “ಇದನ್ನ ನೀನು ನೆನಪಿಟ್ಕೋ ಕಣೇ,” ಎಂದರು. “ಮಾತಿನ ಡಾಕ್ಟರಿಗೆ ಹೇಳ್ಬೇಕು. ನಂಗೆ ಮರೆತುಹೋಗುತ್ತೆ.”